ಗಾಜಿನ ಮೇಲಿಟ್ಟ ಕುಂಕುಮ

ನಾನು ಒಂದು ರೋಹಿತಮಾಪಕ. ನಕ್ಷತ್ರದಿಂದ ಬರುವ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಎಳೆ ಎಳೆಯಾಗಿ ಬಿಡಿಸುವುದು ನನ್ನ ಕೆಲಸ. ಯಾವ ಎಳೆ ಮಂಕಾಗಿದೆಯೆಂದು ನೋಡಿ, ದಾರಿಯಲ್ಲಿ ಅದನ್ನು ಯಾವ ಅಣು ನುಂಗಿತೆಂದು ಮನುಷ್ಯರು ತಿಳಿಯುತ್ತಾರೆ.

ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿ ನನ್ನನ್ನು ಜೋಡಿಸಿದವಳು ಮೃದುಲಾ. ತಾತ್ಕಾಲಿಕ ಹುದ್ದೆಯವಳು. ತಲೆಗೆ ಬಟ್ಟೆ, ಕೈಗೆ ಗವಸು. ನನ್ನ ಹತ್ತಿರ ಉಸಿರನ್ನೂ ಬಿಗಿಹಿಡಿಯುತ್ತಿದ್ದಳು. ಹೊಟ್ಟೆಗೆ ಹೊಗೆಯಾಡುವ ದ್ರವ ಸಾರಜನಕ ಸುರಿದು ತಣ್ಣಗಾಗಿಸಿದರೆ ಮಾತ್ರ ನನಗೆ ಕಣ್ಣು ಕಾಣುತ್ತದೆ.

ಬೆಟ್ಟದ ಮೇಲಿನ ದೂರದರ್ಶಕಕ್ಕೆ ನನ್ನನ್ನು ಸಾಗಿಸಿ, ಮೊದಲು ಒಂದು ಸಾದಾ ನಕ್ಷತ್ರ ತೋರಿಸಿದರು. ಅದರ ಬೆಳಕಿನಲ್ಲಿ ಕಾಣುವ ಕಲೆಯೆಲ್ಲ ನಮ್ಮ ಗಾಳಿಯದು, ನನ್ನ ಗಾಜಿನದು. ಮುಂದೆ ನೋಡುವ ನಕ್ಷತ್ರದಿಂದ ಆ ಕಲೆಗಳನ್ನು ಕಳೆದರೆ ಉಳಿಯುವುದೇ ನಿಜವಾದ ಸುದ್ದಿ.

ಮಾರನೆಯ ದಿನ ಆಯುಧಪೂಜೆ. ಯೋಜನೆಯ ಮುಖ್ಯಸ್ಥರಾದ ಪ್ರೊಫೆಸರ್ ಪದ್ಮನಾಭಯ್ಯನವರು ಕೊಬ್ಬರಿ ಎಣ್ಣೆಯಲ್ಲಿ ಕುಂಕುಮ ಕಲಸಿ ನನ್ನ ಗಾಜಿನ ಅಂಚಿಗೆ ಬೊಟ್ಟಿಟ್ಟರು.

"ಸರ್, ಗಾಜಿಗೆ ಬೇಡ! ಹೊರಗಿನ ಡಬ್ಬಕ್ಕಿಡಿ," ಎಂದಳು ಮೃದುಲಾ.

"ಡಬ್ಬದ ಪೂಜೆಗೆ ಬೆಟ್ಟ ಹತ್ತಿದ್ವೇನಮ್ಮ? ಕುಂಕುಮಾನ ಬೆನ್ನಿಗೆ ಇಡ್ತಾರಾ ಯಾರಾದ್ರೂ?"

ತಂಡದವರೆಲ್ಲ ನಕ್ಕರು.

"ಒರೆಸಿಬಿಡ್ಲಾ ಸರ್?"

"ಇಟ್ಟ ಕುಂಕುಮ ಒರೆಸೋದಾ? ಬಿಡ್ತು ಅನ್ನು!"

ಎಣ್ಣೆ ಕಾಣದಷ್ಟು ತೆಳುವಾಗಿ ಗಾಜಿನ ಮೇಲೆಲ್ಲ ಹರಡಿತು. ಕತ್ತಲಾಗುತ್ತಲೇ ಹೊಸದಾಗಿ ಹುಟ್ಟಿದ ಒಂದು ನಕ್ಷತ್ರ ತೋರಿಸಿದರು. ಸುತ್ತ ಧೂಳಿನ ತಟ್ಟೆ, ಗ್ರಹಗಳು ಹುಟ್ಟುವ ಜಾಗ. ಸಾವಯವ ಅಣುಗಳು ನುಂಗುವ ಎಳೆಯಲ್ಲೇ ಬೆಳಕು ಆಳವಾಗಿ ಕುಸಿದಿತ್ತು. ಪ್ರೊಫೆಸರರ ಕಣ್ಣಲ್ಲಿ ನೀರು.

"ಜೀವದ ಬೀಜ ಕಣಮ್ಮ ಇದು!"

"ಸಾದಾ ನಕ್ಷತ್ರಾನ ಇನ್ನೊಂದ್ಸಲ ನೋಡ್ಬಿಡೋಣ ಸರ್. ನೆನ್ನೆ ನೋಡಿದ್ದು ಪೂಜೆಗೆ ಮುಂಚೆ."

"ಅನ್ನ ಬಡಿಸಿದ್ಮೇಲೆ ಅಕ್ಕಿ ಆರಿಸ್ತೀನಿ ಅಂತೀಯಲ್ಲಮ್ಮ!"

ನಾನು ಸುಳ್ಳು ಹೇಳಿರಲಿಲ್ಲ. ಎದುರಿಗಿದ್ದುದನ್ನು ಹೇಳಿದ್ದೆ, ಅಷ್ಟೆ. ಎದುರಿಗಿದ್ದುದು ಅದೇ ಎಳೆಯನ್ನು ನುಂಗುವ ಕೊಬ್ಬರಿ ಎಣ್ಣೆ.

ಪತ್ರಿಕೆಗಳಲ್ಲಿ ಸುದ್ದಿ ಬಂತು, ಪ್ರೊಫೆಸರರಿಗೆ ಸನ್ಮಾನವಾಯಿತು. ಕೆಲವು ತಿಂಗಳ ಬಳಿಕ ಬೇರೆ ದೇಶದವರು ಅದೇ ನಕ್ಷತ್ರ ನೋಡಿದರು. ಆ ಕುಸಿತ ಅಲ್ಲಿರಲೇ ಇಲ್ಲ. ವಿಚಾರಣೆಗೆ ನನ್ನನ್ನೂ ತಂದು ಮೇಜಿನ ಮೇಲಿಟ್ಟರು. ಗಾಜಿನ ಮೇಲೆ ಎಣ್ಣೆಯ ಪೊರೆ ಸಿಕ್ಕಿತು.

"ಉಪಕರಣ ಶುಚಿಯಾಗಿಡೋ ಜವಾಬ್ದಾರಿ ಈ ಹುಡುಗೀದು," ಎಂದರು ಪ್ರೊಫೆಸರ್. ಅಂದು ಬೆಟ್ಟದಲ್ಲಿ ನಕ್ಕಿದ್ದವರು ತಲೆ ಎತ್ತಲಿಲ್ಲ. ಬಾಯಿದ್ದವರೇ ಸುಮ್ಮನಿದ್ದಾಗ ನಾನೇನು ಹೇಳಲಿ?

ಮೃದುಲಾಳ ಹುದ್ದೆ ಮುಂದುವರಿಯಲಿಲ್ಲ. ಹೊರಡುವ ದಿನ ನನ್ನ ಬಳಿ ಬಂದು, ಗವಸು ಕಳಚಿ, ಮೊದಲ ಸಲ ಬರಿಗೈಯಲ್ಲಿ ನನ್ನನ್ನು ಮುಟ್ಟಿದಳು.

ಈಗ ನಾನು ಉಗ್ರಾಣದ ಮೂಲೆಯಲ್ಲಿ, ಹೊಟ್ಟೆ ಬತ್ತಿ, ಬೆಚ್ಚಗೆ ಕುರುಡಾಗಿ ಕುಳಿತಿದ್ದೇನೆ. ಅವಳು ಎಲ್ಲಿದ್ದಾಳೋ ತಿಳಿಯದು. ಪ್ರತಿ ಆಯುಧಪೂಜೆಗೆ ಪದ್ಮನಾಭಯ್ಯನವರು, ಈಗ ನಿರ್ದೇಶಕರು, ತಟ್ಟೆ ಹಿಡಿದು ಬರುತ್ತಾರೆ. "ಪಾಪ, ಹಳೇದು, ಇದಕ್ಕೂ ಒಂದು ಬೊಟ್ಟಿರಲಿ," ಎಂದು ಅದೇ ಗಾಜಿಗೆ ಬೆರಳೊತ್ತುತ್ತಾರೆ.

ಬೇಡ ಸರ್ ಎನ್ನುವವರು ಯಾರೂ ಇಲ್ಲ.