ಸೂರ್ಯಾಸ್ತದ ಮುಂದೆ ಖಾಲಿ ಗೆರೆ

ಕೊನೆಯ ಕಟ್ಟಿನ ಹಾಳೆಗಳನ್ನು ಮಡಿಸುತ್ತಿದ್ದ ವರ್ನೆಟಾಳ ಕೈ ತಟ್ಟನೆ ನಿಂತಿತು. ಅಷ್ಟು ಹೊತ್ತೂ ಅವಳು ಮಡಿಸಿದ್ದಳೇ ಹೊರತು ಓದಿರಲಿಲ್ಲ. ಮುಖಪುಟದಲ್ಲಿ ಮಿಸ್ ಐಜೋರಾ ಟ್ರಿಬಲ್ ನೀಲಿ ಹ್ಯಾಟು ಹಾಕಿಕೊಂಡು ನಗುತ್ತಿದ್ದರು. ಹಿರಿಯ ಹೆಂಗಸರು, ಮದುವೆಯಾದವರೂ, ನಮ್ಮೂರಿಗೆ ಮಿಸ್‌ಗಳೇ. ಚಿತ್ರದ ಕೆಳಗೆ ಎರಡು ಸಾಲು. ‘ಸೂರ್ಯೋದಯ: ಮೇ ೯, ೧೯೩೭.’ ಅದರ ಕೆಳಗೆ ‘ಸೂರ್ಯಾಸ್ತ:’ ಎಂದು ಬರೆದು ಒಂದು ಖಾಲಿ ಗೆರೆ.

ನಮ್ಮ ಚರ್ಚಿನಲ್ಲಿ ಸೂರ್ಯ ಹುಟ್ಟಿ ಮುಳುಗುವುದು ಒಂದೇ ಕಾಗದದ ಮೇಲೆ, ಸತ್ತವರನ್ನು ಕಳಿಸಿಕೊಡುವ ದಿನ ಹಂಚುವ ಹಾಳೆಯ ಮೇಲೆ. ಹುಟ್ಟಿದ ದಿನ ಸೂರ್ಯೋದಯ, ಹೋದ ದಿನ ಸೂರ್ಯಾಸ್ತ. ಹದಿನೆಂಟು ವರ್ಷದಿಂದ ಚರ್ಚಿನ ಆಫೀಸು ನೋಡಿಕೊಳ್ಳುತ್ತಿದ್ದ ವರ್ನೆಟಾ ಅಂಥ ಹಾಳೆಗಳನ್ನು ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದಳು. ಈ ಸಲವೂ ಹಾಗೇ ಮಾಡಿದ್ದಳು. ಹೋದ ಶನಿವಾರ ಮಣ್ಣಾದವರೊಬ್ಬರ ಹಾಳೆಯನ್ನೇ ಕಂಪ್ಯೂಟರಿನಲ್ಲಿ ತೆರೆದು, ಹೆಸರು ಅಳಿಸಿ ಹೆಸರು ಹಾಕಿ, ಚಿತ್ರ ತೆಗೆದು ಚಿತ್ರ ಕೂರಿಸಿ, ಅಚ್ಚು ಹಾಕಿಬಿಟ್ಟಿದ್ದಳು.

ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಸನ್ಮಾನದ ಕಾರ್ಯಕ್ರಮ ಮೂರಕ್ಕೆ.

“ಬ್ರದರ್ ಕ್ಲಿಯೋಟಿಸ್! ಸ್ವಲ್ಪ ಬನ್ನಿ ಇಲ್ಲಿ, ಬೇಗ!”

ಬಾಗಿಲಲ್ಲಿ ನಿಂತು ಜನರನ್ನು ಕೂರಿಸುವುದು ಕ್ಲಿಯೋಟಿಸ್ ಕೆಲಸ. ಎಪ್ಪತ್ತು ದಾಟಿದ ಮನುಷ್ಯ, ಬಿಳಿ ಕೈಗವಸನ್ನು ಬೆರಳು ಬೆರಳಿಗೂ ಎಳೆದು ಹಾಕಿಕೊಳ್ಳುತ್ತಲೇ ಬಂದ. ಹಾಳೆ ನೋಡಿದ. ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿದ.

“ಅಯ್ಯೋ ನನ್ನಪ್ಪಾ! ಬದುಕಿರೋರನ್ನ ಮುಂದಿನ ಬೆಂಚಲ್ಲಿ ಕೂರಿಸ್ಕೊಂಡು ಮಣ್ಣು ಮಾಡ್ತೀಯೇನಮ್ಮಾ?”

“ಮೆಲ್ಲಗೆ ಮಾತಾಡಿ!”

“ತಾರೀಕು ಮಾತ್ರ ಖಾಲಿ ಬಿಟ್ಟಿದ್ದೀಯ. ಅಷ್ಟಾದ್ರೂ ದಯ ತೋರಿಸಿದ್ದೀಯಲ್ಲ ಬಿಡು.”

“ನಿಮಗೆ ತಮಾಷೆ. ನನಗೆ ಕೈಕಾಲು ಆಡ್ತಿಲ್ಲ.”

“ಬೇರೆ ಅಚ್ಚು ಹಾಕು ಮತ್ತೆ.”

“ಮೆಷಿನ್ನಲ್ಲಿ ಇಂಕು ಮುಗಿದಿದೆ. ಮೇಕನ್‌ಗೆ ಹೋಗಿ ತರಬೇಕು. ಹೋಗಿ ಬರೋಕೇ ಎರಡು ಗಂಟೆ ಬೇಕು.”

“ಹಾಗಾದ್ರೆ ಹಂಚ್ಲೇಬೇಡ.”

ಅದೇ ಆಗದ ಮಾತು. ಪ್ರತಿ ಫೆಬ್ರವರಿ, ಕಪ್ಪು ಜನರ ಚರಿತ್ರೆಯ ತಿಂಗಳಲ್ಲಿ, ನಮ್ಮವರಲ್ಲಿ ಹೆಸರು ಮಾಡಿದ ಬರಹಗಾರರು, ನಾಯಕರು, ಹೊಸದನ್ನು ಕಂಡುಹಿಡಿದವರ ಎಂಟು ಚಿತ್ರಗಳು ಚರ್ಚಿನ ಸಭಾಂಗಣದ ಗೋಡೆಗೆ ಏರುತ್ತಿದ್ದವು. ಎಂಟೂ ದೂರದ ಊರಿನವರು. ಈ ವರ್ಷ ಒಂಬತ್ತನೆಯ ಚಿತ್ರ ನಮ್ಮೂರಿನ ಮಿಸ್ ಐಜೋರಾರದೇ, ಬಟ್ಟೆ ಮುಚ್ಚಿಕೊಂಡು ಕಾಯುತ್ತಿತ್ತು. ಆ ಚಿತ್ರ ಯಾಕೆ ಅಲ್ಲಿದೆ ಎಂಬುದು ಬರಹದಲ್ಲಿ ಇದ್ದದ್ದು ಈ ಹಾಳೆಯ ಒಳಪುಟದಲ್ಲಿ ಮಾತ್ರ.

ಊರಿನ ಅಂಗಿ ಕಾರ್ಖಾನೆಯಲ್ಲಿ ಹೊಲಿಗೆ ಸೂಜಿ ಹೆಂಗಸರ ಬೆರಳಿಗೆ ಇಳಿಯುವುದು ಒಂದು ಕಾಲದಲ್ಲಿ ದಿನದ ಮಾತಾಗಿತ್ತು. ಐಜೋರಾ ತಮ್ಮ ಬೆರಳಿಗೂ ಒಮ್ಮೆ ಇಳಿದ ಮೇಲೆ, ಮುರಿದ ಕೊಡೆಯ ಕಡ್ಡಿ ಬಗ್ಗಿಸಿ ಸೂಜಿಯ ಮುಂದೆ ಒಂದು ಪುಟ್ಟ ತಡೆ ಕಟ್ಟಿದ್ದರು. ಮೇಲ್ವಿಚಾರಕ ಅದನ್ನು ನೋಡಿ ಹೋದ. ವರ್ಷದೊಳಗೆ ಎಲ್ಲ ಮೆಷಿನ್ನಿಗೂ ತಡೆ ಬಂತು, ಅದನ್ನು ಕಂಡುಹಿಡಿದವನೆಂದು ಕಾಗದದಲ್ಲಿ ಅವನ ಹೆಸರು ಬಂತು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷದ ಮೇಲೆ, ಎಸೆಯಲು ಇಟ್ಟಿದ್ದ ಪೆಟ್ಟಿಗೆಯಲ್ಲಿ ಐಜೋರಾ ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆ ತಾರೀಕು ಸಮೇತ ಸಿಕ್ಕಿತು. ಸಿಕ್ಕಿದ್ದು ವರ್ನೆಟಾಳಿಗೆ. ಅವಳ ತಾಯಿ ಐಜೋರಾರ ಪಕ್ಕದ ಮೆಷಿನ್ನಿನಲ್ಲಿ ಇಪ್ಪತ್ತಾರು ವರ್ಷ ಹೊಲಿದು, ಆ ತಡೆಯ ದಯದಿಂದ ಹತ್ತು ಬೆರಳನ್ನೂ ಉಳಿಸಿಕೊಂಡು ಮನೆಗೆ ಬಂದಿದ್ದಳು.

ಸನ್ಮಾನಕ್ಕೆ ಮಿಸ್ ಐಜೋರಾರನ್ನು ಒಪ್ಪಿಸಲು ಮೂರು ವರ್ಷ ಹಿಡಿದಿತ್ತು. “ನೀವೆಲ್ಲ ನೆನಪಿಸ್ಕೊಳ್ಳೋದು ಪೆಟ್ಟಿಗೆಗೆ ಹಾಕಿದ ಮೇಲೇನೇ. ಸಾವಿನ ಮನೆ ತರ ಒಂಚೂರು ಕಂಡ್ರೂ ಎದ್ದು ಹೋಗ್ತೀನಿ ನೋಡು, ಆಮೇಲೆ ಕರೀಬೇಡ,” ಎಂದಿದ್ದರು ಮೊನ್ನೆ ಕೂಡ. ಆ ಮುದುಕಿ ಎದ್ದು ಹೋಗುವ ಪೈಕಿಯೇ. ಹಿಂದಿನ ಪಾಸ್ಟರ್ ಒಬ್ಬರ ಪ್ರವಚನ ಉದ್ದವಾಯಿತೆಂದು ಮಧ್ಯದಲ್ಲೇ ಎದ್ದು ಮನೆಗೆ ಹೋಗಿ ಕೋಳಿ ಕರಿದವರು.

ಕೊನೆಗೆ ಹೊಳೆದದ್ದು ಮಕ್ಕಳ ಪಾಠದ ಕಪಾಟಿನಲ್ಲಿದ್ದ ಚಿನ್ನದ ಬಣ್ಣದ ನಕ್ಷತ್ರಗಳು. ಇಬ್ಬರೂ ಕೂತು ಒಂದೊಂದು ಸೂರ್ಯಾಸ್ತದ ಮೇಲೂ ಮೂರು ಮೂರು ನಕ್ಷತ್ರ ಅಂಟಿಸಿದರು. ಕೈಗವಸಿಗೂ ಅಂಟುತ್ತದೆಂದು ಕ್ಲಿಯೋಟಿಸ್ ಬೈದುಕೊಂಡು ಅದನ್ನು ಬಿಚ್ಚಿಟ್ಟ. ಇನ್ನೂ ಮೂವತ್ತು ಹಾಳೆ ಉಳಿದಿರುವಾಗ ನಕ್ಷತ್ರ ಮುಗಿದವು. ವರ್ನೆಟಾ ಆ ಮೂವತ್ತನ್ನು ಅಡುಗೆಮನೆಗೆ ಒಯ್ದು ಕೇಕಿನ ಡಬ್ಬಿಗಳ ಹಿಂದೆ ತುರುಕಿದಳು. ಸುಟ್ಟುಬಿಡಬೇಕಿತ್ತು. ಅಷ್ಟು ಹೊತ್ತಿಗೆ ಕಾರುಗಳು ಬರತೊಡಗಿದ್ದವು.

ಮೂರಕ್ಕೆ ಸಭಾಂಗಣ ತುಂಬಿ ತುಳುಕಿತು. ವೇಷ ಹಾಕಿದ ಮಕ್ಕಳು, ಬಿಳಿ ಕೋಟು ತೊಟ್ಟ ಪುಟ್ಟ ಡಾಕ್ಟರು, ಕಪ್ಪು ನಿಲುವಂಗಿಯ ಪುಟ್ಟ ನ್ಯಾಯಾಧೀಶೆ ಗೋಡೆಯ ಎಂಟು ಚಿತ್ರಗಳ ಕೆಳಗೆ ಸಾಲಾಗಿ ನಿಂತು ತಮ್ಮ ತಮ್ಮ ಮಾತು ಒಪ್ಪಿಸಿದರು. ಎಲ್ಲರ ಕೈಯಲ್ಲೂ ನಕ್ಷತ್ರಗಳು ಮಿನುಗುತ್ತಿದ್ದವು. ವರ್ನೆಟಾ ಬಾಗಿಲ ಬಳಿ ನಿಂತು ಮೊದಲ ಸಲ ಪೂರ್ತಿ ಉಸಿರು ಬಿಟ್ಟಳು. ಆಮೇಲೆ ಮುಂದಿನ ಬೆಂಚಿನ ಕಡೆ ನೋಡಿದಳು.

ಮಿಸ್ ಐಜೋರಾರ ಕೈಯಲ್ಲಿದ್ದ ಹಾಳೆ ಮಿನುಗುತ್ತಿರಲಿಲ್ಲ.

“ಹಾಳೆ ಸಾಲ್ಲಿಲ್ಲ ಕಣೆ ವರ್ನೆಟಾ,” ಎಂದಳು ಅಡುಗೆ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಡೆಲ್ಫೀನ್, ಒಳ್ಳೆಯ ಕೆಲಸ ಮಾಡಿದವಳ ಮುಖದಲ್ಲಿ. “ಕೇಕಿನ ಹಿಂದೆ ನೀನು ಮರೆತು ಇಟ್ಟಿದ್ಯಲ್ಲ, ನಾನೇ ತಂದು ಹಂಚ್ದೆ. ಮೊದಲನೇದು ಮಿಸ್ ಐಜೋರಾಗೇ ಕೊಟ್ಟೆ.”

ಪಾಸ್ಟರ್ ಬಟ್ಟೆ ಸರಿಸಿದರು, ಒಂಬತ್ತನೆಯ ಚಿತ್ರ ಕಂಡಿತು, ಜನ ಎದ್ದು ಚಪ್ಪಾಳೆ ತಟ್ಟಿದರು. ಮಿಸ್ ಐಜೋರಾ ಚಿತ್ರ ನೋಡಲಿಲ್ಲ. ಹಾಳೆ ನೋಡುತ್ತಿದ್ದರು. ಆಮೇಲೆ ಕೋಲು ಊರಿ ಎದ್ದರು. ಬಾಗಿಲ ಕಡೆ ಒಮ್ಮೆ ತಿರುಗಿದರು. ಚಪ್ಪಾಳೆ ನಿಂತಿತು. ಕ್ಲಿಯೋಟಿಸ್ ಅಭ್ಯಾಸದಿಂದ ಬಾಗಿಲು ತೆರೆದವನು, ವರ್ನೆಟಾಳ ಮುಖ ನೋಡಿ ಮೆಲ್ಲಗೆ ಮುಚ್ಚಿದ.

“ಈ ಕಾಗದ ಯಾರು ಮಾಡಿದ್ದು?”

“ನಾನು, ಮಿಸ್ ಐಜೋರಾ.” ವರ್ನೆಟಾ ಎರಡು ಹೆಜ್ಜೆ ಮುಂದೆ ಬಂದಳು. “ತಪ್ಪಾಯ್ತು. ನಿಮ್ಮ ಕಾಲು ಹಿಡ್ಕೋತೀನಿ.”

“ಕಾಲು ಬಿಡು, ನೋಯ್ತವೆ.” ಮಿಸ್ ಐಜೋರಾ ಮೈಕಿನ ಬಳಿ ಹೋದರು. “ನನ್ನ ಅಕ್ಕನ್ನ ಕಳಿಸ್ದಾಗ ಇಂಥದ್ದೊಂದು ಹಂಚಿದ್ರಿ. ನನ್ನ ಯಜಮಾನ್ರಿಗೂ ಹಂಚಿದ್ರಿ. ಎಂಥೆಂಥಾ ಒಳ್ಳೇ ಮಾತು ಬರೆದಿದ್ರಿ! ಪಾಪ, ಅವರಿಬ್ರಲ್ಲಿ ಒಬ್ರಾದ್ರೂ ಓದಿದ್ರಾ?”

ಮೈಕನ್ನು ತಮ್ಮ ಎತ್ತರಕ್ಕೆ ಬಗ್ಗಿಸಿಕೊಂಡರು.

“ನಾನು ಓದ್ತೀನಿ. ಕೂತ್ಕೊಳ್ಳಿ ಎಲ್ರೂ.”

ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಒಳಪುಟ ತೆರೆದರು. ವರ್ನೆಟಾಳಿಗೆ ಆಗ ನೆನಪಾಯಿತು. ನಕ್ಷತ್ರ ಅಂಟಿಸಿದ್ದು ಮುಖಪುಟಕ್ಕೆ ಮಾತ್ರ, ಸತ್ತವರ ಹಾಳೆಯ ಮಾತು ಒಳಗೆ ಹಾಗೇ ಉಳಿದಿತ್ತು.

“‘ಇವರನ್ನು ಪ್ರೀತಿಯಿಂದ ನೆನೆಯಲು ಉಳಿದವರು: ಒಬ್ಬ ಸೋದರಳಿಯ ಮತ್ತು ಈ ಇಡೀ ಸಭೆ.’” ಕನ್ನಡಕದ ಮೇಲಿಂದ ಜನರನ್ನು ನೋಡಿದರು. “ಉಳಿದಿದ್ದೀರಾ?”

ಹಿಂದಿನಿಂದ ಕ್ಲಿಯೋಟಿಸ್ ಕೂಗಿದ. “ಉಳಿದಿದ್ದೀವಿ ತಾಯೀ!”

“ಉಳಿದಿದ್ದೀವಿ!” ಎಂದಿತು ಸಭೆಗೆ ಸಭೆಯೇ, ನಗುತ್ತಾ, ಕಾಲು ನೆಲಕ್ಕೆ ಬಡಿಯುತ್ತಾ. ಪುಟ್ಟ ನ್ಯಾಯಾಧೀಶೆ ಎಲ್ಲರಿಗಿಂತ ಜೋರಾಗಿ ಕೂಗಿದಳು. ವರ್ನೆಟಾ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ನಕ್ಷತ್ರ ಕಿತ್ತ ಖಾಲಿ ಕಾಗದ ಅವಳ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

ಮಿಸ್ ಐಜೋರಾ ಗದ್ದಲ ಇಳಿಯುವವರೆಗೆ ಕಾದರು. ಹೊಲಿದ ವರ್ಷಗಳು, ಹಾಡಿದ ಹಾಡುಗಳು, ಬೆಳೆಸಿದ ಊರಿನ ಮಕ್ಕಳು, ಒಂದೊಂದನ್ನೂ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಕೋಳಿ, ಸೊಪ್ಪಿನ ಪಲ್ಯ ಆರುತ್ತಿದ್ದರೂ ಯಾರೂ ಏಳಲಿಲ್ಲ.

“‘ಸೂಜಿಯಿಂದ ಬೆರಳು ಕಾಯುವ ತಡೆಯನ್ನು ಈ ಕಾರ್ಖಾನೆಯಲ್ಲಿ ಮೊದಲು ಮಾಡಿದವರು...’”

ದನಿ ಅಲ್ಲಿಗೆ ನಿಂತಿತು. ತುಟಿ ಮಾತ್ರ ಆಡುತ್ತಿತ್ತು. ಅಂದು ಸೂಜಿ ಇಳಿದು ಉಗುರು ನಡುವೆ ಸೀಳಿ ಎರಡಾಗಿದ್ದ ಅವರ ತೋರುಬೆರಳು, ಸಾಲಿನ ಕೊನೆಯಲ್ಲಿದ್ದ ಅವರದೇ ಹೆಸರು ಮುಟ್ಟಿ, ಮತ್ತೆ ಓದಲು ಸಾಲಿನ ಮೊದಲಿಗೆ ಬಂತು.