ಕೆಂಪು ದಾರದ ಅಯಸ್ಕಾಂತ

ದಾರ ಕೆಂಪಗಿದೆ, ಮೊದಲು ಇನ್ನೂ ಕೆಂಪಗಿತ್ತು, ಗ್ರೀಸು ಬೆವರು ಕುಡಿದು ಕುಡಿದು ಈಗ ಹಳೇ ಇಟ್ಟಿಗೆಯ ಬಣ್ಣಕ್ಕೆ ಬಂದಿದೆ, ಅದರ ತುದಿಯಲ್ಲಿ ಕಾಸಿನಗಲದ ಅಯಸ್ಕಾಂತ, ಅಪ್ಪನ ಬೆರಳ ಸಂದಿಯಲ್ಲಿ ತೂಗುತ್ತಿದೆ, ತೂಗಲಿ, ನನಗೇನೂ ಭಯವಿಲ್ಲ — ಸುಳ್ಳು, ಇದೆ — ಹಳೇ ಮಿಲಿಟರಿ ಜೀಪಿನ ಎಡಗಡೆ ಮಡ್‌ಗಾರ್ಡು ಬರಿಮೈಯಲ್ಲಿ ನಿಂತಿದೆ, ಬಣ್ಣವಿಲ್ಲ, ಪ್ರೈಮರ್ ಇಲ್ಲ, ಬರೀ ತಗಡು, ಶೆಡ್ಡಿನ ಬಾಗಿಲಿನ ಬಿಸಿಲು ಅದರ ಮೇಲೆ ಎಲ್ಲೂ ಮುರಿಯದೆ ಹರಿಯುತ್ತಿದೆ, ಹನ್ನೊಂದು ದಿನದ ನನ್ನ ಕೆಲಸ, ಅಯಸ್ಕಾಂತ ಒಂದೇ ಒಂದು ಕಡೆ ಬಿದ್ರೂ ಸುತ್ತಿಗೆ ಕೆಳಗಿಡ್ಬೇಕು ನೋಡು ಎಂದಿದ್ದಾನೆ ಅಪ್ಪ. ಅಯಸ್ಕಾಂತ ತಗಡಿಗಾದರೆ ಟಕ್ ಎಂದು ಕಚ್ಚುತ್ತದೆ, ತಗ್ಗು ಮುಚ್ಚಲು ದಪ್ಪಗೆ ಮೆತ್ತಿದ ಪುಟ್ಟಿಯಾದರೆ ಜಾರಿ ಬೀಳುತ್ತದೆ, ಪುಟ್ಟಿ ಗೋಡೆಗೆ ಕಣ್ರೋ, ಗಾಡಿಗಲ್ಲ ಎನ್ನುತ್ತಾನೆ ಅಪ್ಪ, ಎಷ್ಟು ಶೆಡ್ಡಿನವರ ಮಾನ ಈ ದಾರದ ತುದಿಯಲ್ಲಿ ಹೋಗಿದೆಯೋ. ಅಣ್ಣ ಟೂಲ್ ಪೆಟ್ಟಿಗೆಯ ಮೇಲೆ ಕೂತು ಕಾಲಾಡಿಸುತ್ತಿದ್ದಾನೆ, ಹೊಸ ಮಡ್‌ಗಾರ್ಡ್ ತರಿಸಿ ಹಾಕೋಣ, ಅರ್ಧ ದಿನದ ಕೆಲ್ಸ, ಇವಳು ಹಾಳು ಮಾಡಿದ ಗಾಡಿ ಬಾಗಿಲು ಮರೆತುಹೋಯ್ತಾ ಅಪ್ಪ, ಎಂದವನು ಇವನೇ, ನನಗೆಲ್ಲಿ ಮರೆಯುತ್ತದೆ, ಹದಿನೆಂಟರ ಹುಮ್ಮಸ್ಸು, ಬಡಿದೆ, ಬಡಿದಷ್ಟೂ ತಗಡು ಹಿಗ್ಗಿತು, ಕೊನೆಗೆ ಬೆರಳಿಟ್ಟರೆ ಒಳಗೆ ಡಬ್, ಬಿಟ್ಟರೆ ಹೊರಗೆ ಡಬ್, ಎಣ್ಣೆ ಡಬ್ಬದ ಮುಚ್ಚಳದ ಹಾಗೆ, ಅಂದಿನಿಂದ ಒಂಬತ್ತು ವರ್ಷ ಅಪ್ಪ ಎಮರಿ ಪೇಪರ್ ಬಿಟ್ಟು ನನ್ನ ಕೈಗೆ ಏನೂ ಕೊಟ್ಟಿಲ್ಲ, ಉಜ್ಜು, ಉಜ್ಜು, ಆದರೆ ಉಜ್ಜುವವಳ ಅಂಗೈಗೆ ತಿಳಿಯುವಷ್ಟು ನಿನ್ನ ಕಣ್ಣಿಗೆ ತಿಳಿಯುವುದಿಲ್ಲ ಅಣ್ಣಾ — ಬಾಯಿಬಿಟ್ಟು ಹೇಳಲಿಲ್ಲ, ನನ್ನ ಪರ ಬಾಯಿಬಿಟ್ಟವರು ಮೀಸೆ ಸಾಹೇಬರು, ಸೈನ್ಯದಲ್ಲಿ ಇದೇ ಜೀಪನ್ನು ಓಡಿಸಿ ಆಮೇಲೆ ಹರಾಜಿನಲ್ಲಿ ಕೊಂಡು ಮನೆಗೆ ತಂದವರು, ಹೊಸ ತಗಡು ಹಾಕೋದಾದ್ರೆ ನಾನೂ ಅಂಗಡಿ ಮೀಸೆ ಅಂಟಿಸ್ಕೊಂಡು ಓಡಾಡಬಹುದಲ್ಲ, ಹಳೇದನ್ನೇ ಸರಿಮಾಡಿ, ಮಗಳೇ ಮಾಡ್ಲಿ ಬಿಡಿ ಎಂದರು.

ಮೊದಲ ದಿನ, ಬಣ್ಣ ಗುಳ್ಳೆಯೆದ್ದ ಕಡೆ ಅಪ್ಪ ಅಯಸ್ಕಾಂತ ಹಿಡಿದ, ಬಿತ್ತು, ಯಾವ ಪುಣ್ಯಾತ್ಮ ಮೆತ್ತಿದ್ನೋ, ಅವನ ಕೈಗಿಷ್ಟು ಬೆಂಕಿ ಹಾಕ — ಅಯ್ಯೋ ಅಪ್ಪಾ, ಸ್ವಲ್ಪ ಮೆಲ್ಲಗೆ ಬೈಯಬಾರದಿತ್ತೇ — ಹಸಿರು ಬಣ್ಣದಡಿ ಉಳಿ ಹಾಕಿದರೆ ಬೆರಳು ದಪ್ಪದ ಪುಟ್ಟಿ, ಚಕ್ಕೆ ಚಕ್ಕೆಯಾಗಿ ಎದ್ದು ಬಂತು, ಅದರಡಿ ತಗಡು ಸೀಳಿತ್ತು, ಸೀಳಿನಿಂದ ಹಿಂದಕ್ಕೆ ಇಳಿದ ಪುಟ್ಟಿಯನ್ನು ಯಾರೋ ಹೆಬ್ಬೆರಳಲ್ಲಿ ಒತ್ತಿ ಹಾಗೇ ಬಿಟ್ಟಿದ್ದರು, ಬೆರಳಿನ ಗೆರೆಗಳೆಲ್ಲ ಸ್ಪಷ್ಟ, ಗೆರೆಗಳ ನಡುವೆ ಓರೆಯಾಗಿ ಒಂದು ಗಾಯದ ಕಚ್ಚು. ಆ ಕಚ್ಚು ನನಗೆ ಗೊತ್ತು. ಚಿಕ್ಕವಳಿದ್ದಾಗ ನನ್ನ ಮೂಗು ಒರೆಸಿದ ಹೆಬ್ಬೆರಳು ಅದು. ಮೀಸೆ ಸಾಹೇಬರನ್ನು ಕೇಳಿದರೆ ಬಿದ್ದು ಬಿದ್ದು ನಕ್ಕರು, ಸೈನ್ಯದಲ್ಲಿದ್ದಾಗ ಗೇಟಿನ ಕಂಬಕ್ಕೆ ಗುದ್ದಿಬಿಟ್ಟಿದ್ದೆ ಕಣಮ್ಮ, ಅಧಿಕಾರಿ ಬರೋಕೆ ಒಂದೇ ಗಂಟೆ ಇತ್ತು, ನಿಮ್ಮಪ್ಪನ ಕೈಕಾಲು ಹಿಡ್ಕೊಂಡೆ, ಪಾಪ, ಮೆತ್ತಿಕೊಟ್ಟ, ಅವನಿಗೆ ನೆನಪಿದೆಯೋ ಇಲ್ಲವೋ. ಚಕ್ಕೆ ಈಗಲೂ ನನ್ನ ಜೇಬಿನಲ್ಲಿದೆ, ಚಿಂದಿಯಲ್ಲಿ ಸುತ್ತಿ ಇಟ್ಟಿದ್ದೇನೆ, ತೆಗೆದು ತೋರಿಸಿದರೆ ಅಪ್ಪನ ಬಾಯಿ ಕಟ್ಟುತ್ತದೆ, ಬೇಡ, ಇದನ್ನು ತೋರಿಸಿ ಗೆದ್ದರೆ ಅದೇನು ಗೆಲುವು, ತಗಡು ತೋರಿಸಿ ಗೆಲ್ಲುತ್ತೇನೆ ಎಂದು ಸೀಳನ್ನು ಬೆಸೆದೆ, ಹಿಂದಿನಿಂದ ಕಬ್ಬಿಣದ ಗಟ್ಟಿ ಆನಿಸಿ ಮುಂದಿನಿಂದ ಹಗುರಕ್ಕೆ ತಟ್ಟಿದೆ, ತಟ್ಟುವುದು, ಅಂಗೈ ಆಡಿಸುವುದು, ತಟ್ಟುವುದು, ಒಂಬತ್ತನೇ ದಿನ ಬೆರಳಿಟ್ಟೆ, ಡಬ್ — ಅದೇ ಸದ್ದು, ಸುತ್ತಿಗೆ ಬಿಸಾಡಿ ಅಳಬೇಕೆನಿಸಿತು, ಅಳಲಿಲ್ಲ, ಗ್ಯಾಸ್ ಹಚ್ಚಿದೆ, ಬಟಾಣಿಯಷ್ಟಗಲ ಕೆಂಪಗೆ ಕಾಯಿಸಿ ಒದ್ದೆ ಬಟ್ಟೆ ಒತ್ತಿದೆ, ಚುಂಯ್, ಹಿಗ್ಗಿದ ತಗಡು ಕುಗ್ಗಿತು, ಏಳು ಕಡೆ ಹಾಗೆ ಮಾಡಿದ ಮೇಲೆ ಬೆರಳಿಟ್ಟೆ, ಒತ್ತಿದೆ, ಸದ್ದಿಲ್ಲ, ಎಂಥ ಸುಖದ ಮೌನ ಅದು.

ಟಕ್. ಹಿಡಿಯಿತು. ಅಪ್ಪ ಕಿತ್ತು ಮುಂದಿಡುತ್ತಾನೆ, ಟಕ್, ಅಂಚಿನಲ್ಲಿ ಟಕ್, ಬಾಗಿನಲ್ಲಿ ಟಕ್, ಅಣ್ಣನ ಕಾಲಾಟ ನಿಂತಿದೆ, ಈಗ ಸೀಳಿದ್ದ ಅದೇ ಜಾಗ, ಅಪ್ಪ ಕಣ್ಣು ಮುಚ್ಚಿ ಅಂಗೈಯಲ್ಲಿ ಸವರುತ್ತಾನೆ, ಆ ಕಡೆಯಿಂದ ಈ ಕಡೆಗೆ, ಮತ್ತೆ ಈ ಕಡೆಯಿಂದ ಆ ಕಡೆಗೆ, ಹುಡುಕು ಅಪ್ಪಾ, ಚೆನ್ನಾಗಿ ಹುಡುಕು, ಸಿಕ್ಕುವುದಿಲ್ಲ, ಅಯಸ್ಕಾಂತ ಇಟ್ಟ, ಟಕ್, ದಾರ ಕೈಬಿಟ್ಟ, ಕಿತ್ತುಕೊಳ್ಳಲಿಲ್ಲ, ನನ್ನ ಕಡೆ ನೋಡದೆ ಮೆಲ್ಲಗೆ ಕೇಳುತ್ತಾನೆ, ಹಿಂದ್ಗಡೆ ಒಂದು ಹೆಬ್ಬೆರಳಿನ ಗುರುತಿತ್ತೇನೇ, ಇತ್ತು, ಯಾರದ್ದು, ಯಾವನೋ ಪುಣ್ಯಾತ್ಮನದು ಅಪ್ಪ — ನಗುತ್ತಾನೆ, ಹೊಟ್ಟೆ ಕುಣಿಯುವ ಹಾಗೆ ನಗುತ್ತಾನೆ, ಬಲಗಡೇದೂ ನೀನೇ ಬಿಚ್ಚು ಎನ್ನುತ್ತಾನೆ, ಏಯ್, ಎಮರಿ ಪೇಪರ್ ತಗೊಂಡು ಇವಳ ಹಿಂದೆ ನಿಂತ್ಕೋ ಎಂದು ಅಣ್ಣನಿಗೆ ಹೇಳುತ್ತಾನೆ, ನನಗೆ ಕುಣಿಯಬೇಕೆನಿಸುತ್ತದೆ, ಶೆಡ್ಡಿನ ತಗಡೆಲ್ಲ ಗಣಗಣ ಎನ್ನುವ ಹಾಗೆ ಕೂಗಬೇಕೆನಿಸುತ್ತದೆ, ಕೂಗುವುದಿಲ್ಲ, ನೋಡುತ್ತಾ ನಿಂತಿದ್ದೇನೆ, ಬಿಸಿಲು, ಬರೀ ತಗಡು, ಕೆಂಪು ದಾರ ನೇರವಾಗಿ ಇಳಿಬಿದ್ದಿದೆ, ಅಯಸ್ಕಾಂತ ಅಲ್ಲೇ ಇದೆ, ಬಿದ್ದಿಲ್ಲ, ಬಿದ್ದಿಲ್ಲ.