ಶಹಾಬಜಾರಿನಲ್ಲಿ ಮಾತ್ರ ಕೆಡುವ ಕಂಪ್ಯೂಟರು

ವಿಜಯಶ್ರೀಯ ಕಂಪ್ಯೂಟರಿಗೆ ಒಂದು ಕೆಟ್ಟ ಚಾಳಿ ಇತ್ತು. ಹಗಲೆಲ್ಲ ಹಾಡು ಹಾಕಿದರೆ ಹಾಡುತ್ತಿತ್ತು, ಸಿನಿಮಾ ಹಾಕಿದರೆ ತೋರಿಸುತ್ತಿತ್ತು. ಸಂಜೆ ಅವಳು ಮಕ್ಕಳಿಗೆ ಆನ್‌ಲೈನ್ ಗಣಿತ ಪಾಠ ಶುರು ಮಾಡಿ ಅರ್ಧಕ್ಕೆ ಬರುವುದೇ ತಡ, ಪಟ್ಟನೆ ಆರಿಹೋಗುತ್ತಿತ್ತು. ಮತ್ತೆ ಗುಂಡಿ ಒತ್ತಿದರೆ ಒಳಗಿನ ಫ್ಯಾನು ಒಂದು ಗಳಿಗೆ ಗುರ್ ಎಂದು ಸುಮ್ಮನಾಗುತ್ತಿತ್ತು, ಸ್ಕ್ರೀನು ಕಪ್ಪಗೇ ಉಳಿಯುತ್ತಿತ್ತು. ಗಣಿತವೆಂದರೆ ಆಗದ ಮಕ್ಕಳನ್ನು ಅವಳು ಬೇಕಾದಷ್ಟು ಕಂಡಿದ್ದಳು, ಗಣಿತವೆಂದರೆ ಆಗದ ಕಂಪ್ಯೂಟರನ್ನು ಕಂಡದ್ದು ಇದೇ ಮೊದಲು.

ನಗುವ ಮಾತೇನೂ ಆಗಿರಲಿಲ್ಲ. ಮದುವೆಯಾಗಿ ಕಮಲಾಪುರದಿಂದ ಕಲಬುರಗಿಯ ಶಹಾಬಜಾರಿಗೆ ಬಂದ ಮೇಲೆ ಅವಳಿಗೆ ಸಿಕ್ಕ ಮೊದಲ ಕೆಲಸ ಅದು, ಇನ್ನೂ ಕಾಯಂ ಆಗಿರಲಿಲ್ಲ. ಪಾಠ ನಡುವೆಯೇ ನಿಲ್ಲುತ್ತದೆಂದು ಯಾರೋ ತಾಯಂದಿರು ಪಾಠ ನಡೆಸುವ ಕಂಪನಿಗೆ ದೂರು ಕೊಟ್ಟಿದ್ದರು. ಬರುವ ಸೋಮವಾರ ಅಲ್ಲಿಯ ಮೇಲಿನ ಮೇಡಮ್ಮೊಬ್ಬರು ತಾವೇ ಪಾಠದಲ್ಲಿ ಕೂತು ನೋಡುವವರಿದ್ದರು. ಅಂದೂ ಆರಿತೆಂದರೆ ಕೆಲಸ ಕೈಬಿಟ್ಟಂತೆಯೇ.

ಗಂಡ ಗೌತಮ ಗುಮಾಸ್ತ. ಆದರೆ ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿದ ಮೇಲೆ ಅವನು ಅರ್ಧ ಎಂಜಿನಿಯರೇ ಆಗಿಬಿಟ್ಟಿದ್ದ. ಕಂಪ್ಯೂಟರು ಆರಿತೆಂದು ಕೂಗಿದರೆ ಸಾಕು, ಸ್ಕ್ರೂಡ್ರೈವರು ಹಿಡಿದು ಓಡಿ ಬರುತ್ತಿದ್ದ. ಮುಚ್ಚಳ ಬಿಚ್ಚಿ, ಒಳಗಿನ ಪಟ್ಟಿಯೊಂದನ್ನು ಕಿತ್ತು ರಬ್ಬರಿನಿಂದ ತಿಕ್ಕಿ, ಬಾಯಿಂದ ಉಫ್ ಎಂದು ಊದಿ ಮತ್ತೆ ಕೂರಿಸುತ್ತಿದ್ದ. ಕಂಪ್ಯೂಟರು ಜಾಣ ಮಗುವಿನಂತೆ ಏಳುತ್ತಿತ್ತು, ಗೌತಮ ಮೀಸೆ ತಿರುವುತ್ತಿದ್ದ. ಮರುದಿನ ಸಂಜೆ ಅದೇ ಹಾಡು. ಕೇಬಲ್ಲು ಬದಲಿಸಿದ, ಎದ್ದಿತು. ವಿಂಡೋಸನ್ನು ಹೊಸದಾಗಿ ಹಾಕಿದ, ಎದ್ದಿತು. ಅವನು ಏನು ಮಾಡಿದರೂ ಏಳುತ್ತಿದ್ದುದೇ ದುರದೃಷ್ಟ. ಒಮ್ಮೆಯಾದರೂ ಏಳದಿದ್ದರೆ ತಿಳಿದವರನ್ನು ಕರೆಸಬಹುದಿತ್ತು.

ಅತ್ತೆ ತುಳಜಾಬಾಯಿಯ ಲೆಕ್ಕವೇ ಬೇರೆ. ಸೊಸೆ ಮನೆಯಲ್ಲೇ ಕೂತು ದುಬೈ ಮಕ್ಕಳಿಗೆ ಪಾಠ ಹೇಳುತ್ತಾಳೆಂದು ಓಣಿಗೆಲ್ಲ ಡಂಗುರ ಸಾರಿದವರು ಅವರೇ. ಈಗ ಓಣಿಯ ನಜರು ತಾಕಿದೆ ಎನ್ನುವವರೂ ಅವರೇ. ಸ್ಕ್ರೀನಿನ ಮೂಲೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಗುರುವಾರ ರೋಜಾ ದರ್ಗಾಕ್ಕೆ ಹೋಗಿ ಕರಿದಾರ ತಂದು ವೈರಿಗೆ ಸುತ್ತಿದರು. ಕಂಪ್ಯೂಟರು ಅದಕ್ಕೂ ಜಗ್ಗಲಿಲ್ಲ.

ಕೊನೆಗೆ ಗೌತಮ ಅದನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಮಲಾಪುರಕ್ಕೆ ಒಯ್ದ. ಅಲ್ಲಿ ವಿಜಯಶ್ರೀಯ ತಮ್ಮ ಸುಧಾಕರನದು ಕಂಪ್ಯೂಟರು, ಝೆರಾಕ್ಸಿನ ಅಂಗಡಿ. ಸುಧಾಕರ ಬಿಚ್ಚಿ ನೋಡಿದರೆ ಒಳಗೆಲ್ಲ ಬೆಳ್ಳನೆಯ ನುಣ್ಣನೆ ಪುಡಿ. ಕಲಬುರಗಿ ಕಡೆಯ ಹಾಸುಗಲ್ಲಿನ ಧೂಳೆಂದು ತಾನೇ ತೀರ್ಪು ಕೊಟ್ಟು, ಗಾಳಿ ಹೊಡೆದು ತೆಗೆದ. ಆಮೇಲೆ ಎರಡು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಓಡಿಸಿದ. ಕಂಪ್ಯೂಟರು ಒಮ್ಮೆಯೂ ಕೆಮ್ಮಲಿಲ್ಲ.

"ಭಾವಾ, ಇದಕ್ಕ ಏನೂ ಆಗಿಲ್ರಿ," ಎಂದ ಸುಧಾಕರ. "ರೋಗ ನಿಮ್ಮ ಮನ್ಯಾಗ ಅದ."

ಅವನು ಚೇಷ್ಟೆಗೆಂದು ಆಡಿದ ಮಾತು. ಗೌತಮ ಮುಖ ಊದಿಸಿಕೊಂಡು ಬಂದು ಅದಕ್ಕೆ ಉಪ್ಪುಖಾರ ಹಚ್ಚಿ ಮನೆಯಲ್ಲಿ ಬಡಿಸಿದ. ಕಂಪ್ಯೂಟರು ಅಂದು ಸಂಜೆಯೇ ಮತ್ತೆ ಆರಿ, ಸುಧಾಕರನ ಮಾತಿಗೆ ಸಾಕ್ಷಿ ನುಡಿಯಿತು. ತುಳಜಾಬಾಯಿ ಸೊಸೆಯೊಂದಿಗೆ ಮಾತು ಬಿಟ್ಟರು. ಹೇಳಬೇಕಾದ್ದನ್ನೆಲ್ಲ ಪಾತ್ರೆಗಳ ಸಪ್ಪಳದಲ್ಲೇ ಹೇಳತೊಡಗಿದರು. ವಿಜಯಶ್ರೀಗೆ ತಮ್ಮನ ಮೇಲೆ ಸಿಟ್ಟು ಬಂತು. ಆದರೂ ಮನಸ್ಸಿನ ಒಂದು ಮೂಲೆ ಅವನ ಮಾತನ್ನೇ ಹಿಡಿದುಕೊಂಡಿತ್ತು. ತಾನು ದುಡಿಯುವುದು ಈ ಮನೆಗೆ ಒಗ್ಗುತ್ತಿಲ್ಲವೇ ಎಂದು ಅನ್ನಿಸಿ ದುಃಖವಾಗುತ್ತಿತ್ತು.

ಸೋಮವಾರ ಬಂತು, ಜೊತೆಗೆ ಶ್ರಾವಣದ ಜಿಟಿಜಿಟಿ ಮಳೆಯೂ. ಅವಳು ಪಾಠ ಮಾಡುತ್ತಿದ್ದ ಕೋಣೆಗೂ ಅಡುಗೆಮನೆಗೂ ನಡುವಿನ ದಪ್ಪ ಗೋಡೆಯಲ್ಲಿ ಒಂದು ದೊಡ್ಡ ಕಿಂಡಿ ಇತ್ತು, ಹಿಂದಿನವರು ತಾಟು, ಚಹಾ ದಾಟಿಸಲು ಬಿಟ್ಟದ್ದು. ಮೇಜು ಸಣ್ಣದೆಂದು ಕಂಪ್ಯೂಟರಿನ ಡಬ್ಬಿಯನ್ನು ಆ ಕಿಂಡಿಯಲ್ಲಿಟ್ಟು, ಅಡುಗೆಮನೆ ಮಕ್ಕಳಿಗೆ ಕಾಣಬಾರದೆಂದು ತನ್ನ ಕಡೆಗೆ ಪರದೆ ಕಟ್ಟಿದ್ದಳು.

ಅಂದು ಭಿನ್ನರಾಶಿಯ ಪಾಠ. ಮೇಡಮ್ಮು ಕನ್ನಡಕ ಏರಿಸಿಕೊಂಡು ಸ್ಕ್ರೀನಿನ ಮೂಲೆಯಲ್ಲಿ ಕೂತಿದ್ದರು. ಪಾಠ ಅರ್ಧಕ್ಕೆ ಬರುತ್ತಿದ್ದಂತೆ ಪರದೆಯ ಹಿಂದೆ ಫ್ಯಾನು ದನಿ ಏರಿಸತೊಡಗಿತು. ಆರುವ ಮೊದಲು ಅದು ಯಾವಾಗಲೂ ಹೀಗೇ ಅರಚುತ್ತಿತ್ತು. ವಿಜಯಶ್ರೀ ಏನೂ ತೋಚದೆ, ಅಳುವ ಮಗುವಿನ ಬೆನ್ನು ತಟ್ಟುವಂತೆ ಡಬ್ಬಿಯನ್ನು ತಟ್ಟೋಣವೆಂದು ಪರದೆಯ ಹಿಂದೆ ಕೈ ಹಾಕಿದಳು.

ಕೈಗೆ ತಗಡು ಸಿಗಲಿಲ್ಲ, ಬಟ್ಟೆ ಸಿಕ್ಕಿತು. ಹಳೆಯ ಸೀರೆಯಲ್ಲಿ ಕಟ್ಟಿದ, ಎಮ್ಮೆಯ ತಲೆಯಷ್ಟು ದೊಡ್ಡ ಗಂಟೊಂದು ಡಬ್ಬಿಯ ಮೇಲಿನ ಗಾಳಿಕಿಂಡಿಗಳ ಮೇಲೆ ಕೂತಿತ್ತು, ಮೈಯೆಲ್ಲ ಬಿಸಿ. ಎಳೆದು ತೊಡೆಯ ಮೇಲೆ ಹಾಕಿಕೊಂಡಳು. ಒಳಗೆ ಟಕ್ ಎಂದು ಏನೋ ಮುರಿಯಿತು. ಬಿಚ್ಚಿದರೆ ಜೋಳದ ರೊಟ್ಟಿಗಳು!

ಫ್ಯಾನು ಮೆಲ್ಲಗೆ ಉಸಿರು ಇಳಿಸಿತು. ಎಲ್ಲವೂ ಒಮ್ಮೆಲೇ ಹೊಳೆಯಿತು: ಸುಧಾಕರ ಕಂಡ ಬಿಳಿಪುಡಿ ಕಲ್ಲಿನ ಧೂಳಲ್ಲ, ಜೋಳದ ಹಿಟ್ಟು. ಅತ್ತೆ ರೊಟ್ಟಿ ಬಡಿದು ಗಂಟು ಕಟ್ಟುತ್ತಿದ್ದುದು ಪಾಠ ಅರ್ಧಕ್ಕೆ ಬರುವ ಹೊತ್ತಿಗೇ. ಗೌತಮ ಸ್ಕ್ರೂಡ್ರೈವರು ಹಿಡಿದು ಬಂದಾಗಲೆಲ್ಲ ತುಳಜಾಬಾಯಿ ಅನ್ನದ ಹತ್ತಿರ ಕಬ್ಬಿಣ ಬೇಡವೆಂದು ಆ ಕಡೆಯಿಂದ ಗಂಟು ಎತ್ತಿಕೊಂಡಿರಬೇಕು, ಡಬ್ಬಿ ತಣಿದು ತಾನಾಗಿಯೇ ಎದ್ದಿರಬೇಕು. ಗಂಡನ ಎಂಜಿನಿಯರಿಕೆ ಎಲ್ಲ ಅಷ್ಟೇ.

ಅಷ್ಟರಲ್ಲಿ ದುಬೈಯ ಹುಡುಗಿಯೊಬ್ಬಳು ಏನು ಮುರಿಯಿತೆಂದು ಕೇಳಿದಳು. ಬೇರೆ ದಾರಿಯಿರಲಿಲ್ಲ. ವಿಜಯಶ್ರೀ ರೊಟ್ಟಿಯೊಂದನ್ನು ಕ್ಯಾಮೆರಾಕ್ಕೆ ಹಿಡಿದು ಅರ್ಧ ಮಾಡಿದಳು, ಕಾಲು ಮಾಡಿದಳು, ಅರೆಕಾಲು ಮಾಡಿದಳು. ಪಾಠ ಮುಗಿದ ಮೇಲೆ ಮೇಡಮ್ಮು ಇಷ್ಟು ಸೊಗಸಾದ ಬೋಧನಾ ಸಾಮಗ್ರಿಯನ್ನು ತಾವು ಕಂಡಿಲ್ಲವೆಂದು ಹೇಳಿ, ಕೆಲಸ ಕಾಯಂ ಎಂದರು.

ವಿಜಯಶ್ರೀ ಗಂಟು ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಹೇಳಬೇಕಾದ ನಾಲ್ಕು ಖಾರದ ಮಾತು ನಾಲಿಗೆಯ ತುದಿಗೇ ಬಂದಿದ್ದವು. ತುಳಜಾಬಾಯಿ ಗಂಟು ನೋಡಿ, ಮಾತು ಬಿಟ್ಟದ್ದನ್ನೇ ಮರೆತರು.

"ಯಾಕವ್ವಾ, ಇಷ್ಟ ಲಗೂ ಇಳಿಸಿದಿ? ಮಳಿಗಾಲದಾಗ ರೊಟ್ಟಿ ಮೆತ್ತಗಾಗ್ತಾವ. ಆ ಡಬ್ಬಿ ಮ್ಯಾಲ ಇಟ್ರ ಹಪ್ಪಳ ಆದಂಗ ಆಗ್ತಾವ." ಆಮೇಲೆ ಒಲೆಯ ಕಡೆ ತಿರುಗಿ ಅಂದರು, "ನೀ ಬಂದ ಹೊಸದಾಗ ಅಂದಿದ್ದಿ, ನಮ್ಮ ಕಮಲಾಪುರದಾಗ ರೊಟ್ಟಿ ಮುರದ್ರ ಟಕ್ ಅಂತದ, ಇಲ್ಲಿ ಸಪ್ಪಳನೇ ಇಲ್ಲ ಅಂತ. ಅವತ್ತಿಂದ ನೋಡಾಕತ್ತೀನಿ, ಸಪ್ಪಳ ಹ್ಯಾಂಗ ಬರಸ್ಲಿ ಅಂತ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಊಟದ ಮುಂದೆ ಎಂದೋ ಆಡಿ ಮರೆತ ಮಾತು. ಈ ಹೆಂಗಸು ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದರು. ವಿಜಯಶ್ರೀಗೆ ನಾಚಿಕೆಯಾಯಿತು. ರೊಟ್ಟಿಯ ಗಂಟಿನಿಂದ ಡಬ್ಬಿಯ ಉಸಿರು ಕಟ್ಟುತ್ತಿತ್ತೆಂದು ಮೆಲ್ಲಗೆ ತಿಳಿಸಿ ಹೇಳಿದಳು. ತುಳಜಾಬಾಯಿಯ ಮುಖ ಸಣ್ಣದಾಯಿತು.

"ಹೋಗ್ಲಿ ಬಿಡ್ರಿ ಅತ್ತಿ. ನನಗ ಮೆತ್ತನ ರೊಟ್ಟಿನೂ ಸೇರ್ತಾವ."

"ಸುಳ್ಳು ಹೇಳಬ್ಯಾಡ," ಎಂದರು ತುಳಜಾಬಾಯಿ. "ನನಗೇ ಸೇರಂಗಿಲ್ಲ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಪಡಸಾಲೆಯಲ್ಲಿ ಮಾವ ಗುಂಡಣ್ಣ ಟಿವಿಯ ಮುಂದೆ ವಾರ್ತೆ ಕೇಳುತ್ತ ತೂಕಡಿಸುತ್ತಿದ್ದರು. ಟಿವಿಯ ಕೆಳಗಿನ ಸೆಟ್‌ಟಾಪ್ ಬಾಕ್ಸು ಹಗಲಿರುಳೂ ಬೆಚ್ಚಗೆ ಉರಿಯುತ್ತಿತ್ತು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತುಳಜಾಬಾಯಿ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದರು. ವಿಜಯಶ್ರೀ ಮುಂದೆ ಹೋಗಿ, ಮಾವನಿಗೆ ಅಡ್ಡ ನಿಂತು, ಚಹಾ ಬೇಕೇನ್ರಿ ಎಂದು ಕೇಳಿದಳು.